ಗೋಳಗುಮ್ಮಟ ನೋಡೋಕೆ ಬೆಳಿಗ್ಗೆ ಬೇಗ ಹೋಗಿ

ವಿಜಯಪುರಕ್ಕೆ ಹೋಗೋರಿಗೆ ನಾನು ಹೇಳೋದು ಒಂದೇ ಮಾತು: ಗೋಳಗುಮ್ಮಟಕ್ಕೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ಹೊತ್ತೇರಿದ ಮೇಲೆ ಪ್ರವಾಸದ ಬಸ್ಸುಗಳು ಬರುತ್ತವೆ, ಒಳಗೆ ಎಲ್ಲರೂ ಕೂಗೋಕೆ ಶುರು ಮಾಡುತ್ತಾರೆ, ಆ ಗದ್ದಲದಲ್ಲಿ ಗುಮ್ಮಟದ ನಿಜವಾದ ವಿಶೇಷ ಕಿವಿಗೆ ಬೀಳೋದೇ ಇಲ್ಲ. ಶುಕ್ರವಾರ ಬೇಡ, ಅವತ್ತು ಅಲ್ಲೇ ಎದುರಿಗಿರುವ ಮ್ಯೂಸಿಯಂಗೆ ರಜೆ. ರೈಲ್ವೆ ಸ್ಟೇಷನ್ ಹತ್ತಿರದಲ್ಲೇ ಇದೆ. ಟಿಕೆಟ್ ಮೊಬೈಲಲ್ಲೂ ತೆಗೆಯಬಹುದು, 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ.

ಒಳಗೆ ಹೋದ ತಕ್ಷಣ ಮೆಟ್ಟಿಲು ಹುಡುಕಬೇಡಿ. ನಡುವಿನ ಕಟ್ಟೆಯ ಮೇಲೆ ಬಿಜಾಪುರದ ಸುಲ್ತಾನ ಮಹಮ್ಮದ್ ಆದಿಲ್ ಶಾಹ್ ಮತ್ತು ಅವನ ಮನೆಯವರ ಗೋರಿಗಳಿವೆ, ನಿಜವಾದ ಸಮಾಧಿಗಳು ಅದರ ಕೆಳಗಿನ ನೆಲಮಾಳಿಗೆಯಲ್ಲಿ. ಅಲ್ಲೇ ನಿಂತು ತಲೆ ಎತ್ತಿ ನೋಡಿ. ಒಂದು ಕಂಬವೂ ಇಲ್ಲ! ಕೆಳಗಿನ ಕೋಣೆ ಚೌಕ, ಮೇಲಿನ ಗುಮ್ಮಟ ದುಂಡಗೆ, ಎರಡನ್ನೂ ಕೂಡಿಸೋದು ಒಂದನ್ನೊಂದು ಕತ್ತರಿಸಿಕೊಂಡು ಹೋಗುವ ಎಂಟು ಕಮಾನುಗಳು. ಒಂದು ಕಮಾನಿನ ಬುಡದಿಂದ ತುದಿವರೆಗೆ ಕಣ್ಣು ಹಾಯಿಸಿ, ಆಮೇಲೆ ಅದರ ಪಕ್ಕದ್ದನ್ನು ನೋಡಿ, ಭಾರ ಹೇಗೆ ಗೋಡೆಗೆ ಇಳಿಯುತ್ತೆ ಅನ್ನೋದು ತಾನಾಗೇ ಗೊತ್ತಾಗುತ್ತೆ.

ನಾಲ್ಕು ಮೂಲೆಯಲ್ಲೂ ಏಳು ಅಂತಸ್ತಿನ ಗೋಪುರಗಳಿವೆ, ಮೆಟ್ಟಿಲು ಅದರೊಳಗೆ. ಇಕ್ಕಟ್ಟು, ಮೆಟ್ಟಿಲುಗಳೂ ಎತ್ತರ. ಮಂಡಿ ನೋವಿದ್ದವರು ಸುಮ್ನೆ ಹಟ ಮಾಡಬೇಡಿ, ಕೆಳಗಿನ ಹಜಾರವೇ ಸಾಕಷ್ಟಿದೆ. ಹತ್ತೋರು ಪ್ರತಿ ಅಂತಸ್ತಿನ ಕಿಂಡಿ ಹತ್ತಿರ ಗಾಳಿಗೆ ನಿಂತು ಸುಧಾರಿಸಿಕೊಳ್ಳಿ.

ಮೇಲೆ ಹೋದಾಗ ಮೊದಲು ಹೊರಗಿನ ತಾರಸಿ ಸುತ್ತಿ. ಬೆಳಗಿನ ಬಿಸಿಲು ಬೆನ್ನ ಹಿಂದಿರುತ್ತೆ, ಹಾಗಾಗಿ ಪಶ್ಚಿಮಕ್ಕಿರುವ ಊರು ಚೆನ್ನಾಗಿ ಕಾಣುತ್ತೆ. ಜಾಮಿಯಾ ಮಸೀದಿಯ ಗುಮ್ಮಟ ಹುಡುಕಿ, ಇನ್ನೂ ದೂರದಲ್ಲಿ ಇಬ್ರಾಹಿಂ ರೋಜಾ ಅನ್ನೋ ಸಮಾಧಿ ಕಟ್ಟಡದ ಮಿನಾರುಗಳು. ಮಧ್ಯದಲ್ಲೆಲ್ಲ ಮನೆಗಳು, ಗಿಡಗಳು, ಅಲ್ಲಲ್ಲಿ ಕೋಟೆ ಗೋಡೆ.

ಇನ್ನು ಗುಮ್ಮಟದ ಒಳಸುತ್ತಿನಲ್ಲಿರುವ ಪಿಸುಮಾತಿನ ಗ್ಯಾಲರಿ. ಒಬ್ಬರು ಇಲ್ಲಿ, ಇನ್ನೊಬ್ಬರು ಸರಿಯಾಗಿ ಎದುರಿಗೆ, ಸುಮಾರು 38 ಮೀಟರ್ ಆಚೆ ಕೂರಬೇಕು. ಮುಖ ಗೋಡೆ ಕಡೆ ತಿರುಗಿಸಿ ಮೆಲ್ಲಗೆ, ನಿಧಾನವಾಗಿ ಮಾತಾಡಿ. ಸದ್ದು ಗೋಡೆ ಹಿಡಿದುಕೊಂಡೇ ಸಾಗಿ ಆ ಕಡೆಯವರ ಕಿವಿಗೆ ಹತ್ತಿರದಲ್ಲೇ ಹೇಳಿದ ಹಾಗೆ ತಲುಪುತ್ತೆ. ಕಾಗದ ಹರಿದು ನೋಡಿ, ಅದೂ ಕೇಳುತ್ತೆ. ಒಂದು ಚಪ್ಪಾಳೆ ತಟ್ಟಿ ಸುಮ್ಮನಿದ್ದರೆ ಅದು ಮತ್ತೆ ಮತ್ತೆ ಮರಳಿ ಬರೋದನ್ನು ಎಣಿಸಬಹುದು. ದಯವಿಟ್ಟು ಕಿರುಚಬೇಡಿ, ಗೋಡೆ ಮೇಲೆ ಹೆಸರು ಕೆತ್ತಬೇಡಿ. ಈಗಾಗಲೇ ಕೆತ್ತಿರೋದನ್ನು ನೋಡಿದರೆ ಹೊಟ್ಟೆ ಉರಿಯುತ್ತೆ.

ಇಳಿದು ಬರೋ ಹೊತ್ತಿಗೆ ಎದುರಿನ ನಗಾರಖಾನೆ (ಹಿಂದೆ ನಗಾರಿ ಬಾರಿಸುತ್ತಿದ್ದ ಕಟ್ಟಡ) ಒಳಗಿನ ಮ್ಯೂಸಿಯಂ ತೆರೆದಿರುತ್ತೆ, ಅದು ಹತ್ತು ಗಂಟೆಗೆ. ಜಾಸ್ತಿ ಜನ ಹೊರಗಿನ ಫಿರಂಗಿಗಳ ಹತ್ತಿರ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನೀವು ಒಳಗೆ ಹೋಗಿ. ಆದಿಲ್ ಶಾಹಿಗಳಿಗಿಂತ ಹಿಂದಿನ ಕನ್ನಡ ಶಾಸನಗಳು, ಜೈನ ಮೂರ್ತಿಗಳು, ಅರಬಿ ಮತ್ತು ಪಾರಸಿ ಬರಹಗಳು, ಚೀನಾದ ಪಿಂಗಾಣಿ ಎಲ್ಲ ಒಂದೇ ಸೂರಿನಡಿ ಇವೆ. ಈ ಊರು ಎಷ್ಟು ಜನರ ಕೈ ದಾಟಿ ಬಂದಿದೆ ಅನ್ನೋದು ಅಲ್ಲಿ ಕಾಣುತ್ತೆ.

ಅಷ್ಟರಲ್ಲಿ ಹಸಿವಾಗಿರುತ್ತೆ. ಯಾವುದಾದರೂ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಉಂಡು, ಬಿಸಿಲು ಇಳಿದ ಮೇಲೆ ಅರ್ಧಕ್ಕೇ ನಿಂತ ಸಮಾಧಿ ಬಾರಾ ಕಮಾನ್ ಮತ್ತು ಮಲಿಕ್-ಎ-ಮೈದಾನ್ ಫಿರಂಗಿಯ ಕಡೆ ಹೊರಡಿ.