ಹಿಡಿಯ ಚರ್ಮ ಬೇಯದಂತೆ ಅಲಗನ್ನು ಕುದಿಸಿದ್ದು: ಜೆಟ್ ಪೈಲಟ್ ಚಾಕುವಿನ ತುಕ್ಕಿಗೆ ನಾನು ಕಂಡ ದಾರಿ

ತುಕ್ಕು ಹಿಡಿದ ಉಕ್ಕನ್ನು ನೀರಲ್ಲಿ ಕುದಿಸಿದರೆ ಕೆಂಪು ತುಕ್ಕು ಮ್ಯಾಗ್ನೆಟೈಟ್ ಎಂಬ ಕಪ್ಪು ಕಬ್ಬಿಣದ ಆಕ್ಸೈಡ್ ಆಗುತ್ತದೆ. ಹಳೆ ಬಂದೂಕು ಸಂಗ್ರಹಿಸುವವರಿಗೆ ಇದು ಗೊತ್ತಿರುವುದೇ. ಆದರೆ ಅಮೆರಿಕದ ವಾಯುಪಡೆಯ ಪೈಲಟ್ ಸರ್ವೈವಲ್ ಚಾಕುವಿಗೆ (ವಿಮಾನ ಬಿದ್ದರೆ ಜೀವ ಉಳಿಸಿಕೊಳ್ಳಲು ಪೈಲಟ್‌ಗೆ ಕೊಡುವ ಚಾಕು) ಇದನ್ನು ಮಾಡುತ್ತೇನೆ ಎಂದಾಗ ಸಂಗ್ರಾಹಕರೆಲ್ಲ ಬೇಡ ಎಂದರು. ಹಿಡಿಯ ಚರ್ಮದ ಬಿಲ್ಲೆಗಳು ಹಾಳಾಗುತ್ತವೆ, ಅಲಗಿನ ಬೂದು ಫಾಸ್ಫೇಟ್ ಲೇಪ ಕಿತ್ತುಬರುತ್ತದೆ ಎಂಬ ಎರಡು ಆಕ್ಷೇಪಣೆ. ಮೊದಲನೆಯದು ನಿಜ. ಎರಡನೆಯದು ಸುಳ್ಳು: ಪಾರ್ಕರೈಸಿಂಗ್, ಅಂದರೆ ಆ ಫಾಸ್ಫೇಟ್ ಲೇಪ ಕೊಡುವ ಕೆಲಸ, ಮಾಡುವ ದ್ರಾವಣವೇ 90 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಬರಿಯ ಬಿಸಿನೀರಿಗೆ ಆ ಲೇಪ ಹೆದರುವುದಿಲ್ಲ.

ಲೇಪವನ್ನು ಕೊಲ್ಲುವುದು ಆಮ್ಲ. ವಿನೆಗರ್‌ನಲ್ಲಿ ನೆನೆಸಿದ ಕ್ಯಾಮಿಲಸ್ ಕಂಪನಿಯ ಚಾಕುಗಳನ್ನು ದೂರದಿಂದಲೇ ಗುರುತಿಸಬಹುದು. ಬೂದು ಬಣ್ಣ ಹೋಗಿ ಅಲಗು ಬೆತ್ತಲಾಗಿರುತ್ತದೆ, ಬೆಲೆ ಅರ್ಧಕ್ಕಿಳಿದಿರುತ್ತದೆ. 1980ರ ದಶಕದ ಒಂಟಾರಿಯೋ ಕಂಪನಿಯ ಒಂದು ಚಾಕುವಿನ ಮೇಲೆ ಹುಣಸೆಹಣ್ಣನ್ನೂ ಪರೀಕ್ಷಿಸಿದೆ. ಹಿತ್ತಾಳೆ ಬೆಳಗಿದಂತೆಯೇ ಬೆಳಗಿತು, ಹಚ್ಚಿದಲ್ಲೆಲ್ಲ ಬಿಳಿಚಿದ ಮಚ್ಚೆ ಉಳಿಯಿತು. ಆ ಪಾಠದ ಬೆಲೆ ಸುಮಾರು 45 ಡಾಲರ್.

ಚರ್ಮದ ಸಮಸ್ಯೆ ಅದಕ್ಕಿಂತ ದುಬಾರಿಯಾಯಿತು. ಒದ್ದೆ ಚರ್ಮ 70 ಡಿಗ್ರಿ ದಾಟಿದರೆ ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ಮೊದಲ ಚಾಕುವಿನ ಹಿಡಿಗೆ ಪ್ಲಾಸ್ಟಿಕ್ ಸುತ್ತಿ ಪಾತ್ರೆಯ ಮೇಲೆ ತೂಗುಹಾಕಿದ್ದೆ. ಆವಿ ಒಳಗೇ ಸೇರಿಕೊಂಡಿತು, ಗಾರ್ಡ್ (ಹಿಡಿ ಮತ್ತು ಅಲಗಿನ ನಡುವಿನ ಅಡ್ಡ ಲೋಹ) ಮತ್ತು ಮೊದಲ ಬಿಲ್ಲೆಯ ನಡುವೆ ಎರಡು ಮಿಲಿಮೀಟರ್ ಬಿರುಕು ಬಿಟ್ಟಿತು. ಎರಡನೆಯದಕ್ಕೆ ಒದ್ದೆ ಬಟ್ಟೆ ಸುತ್ತಿ ತಂಪಾಗಿಡಲು ನೋಡಿದೆ. ಅದು ಇನ್ನೂ ಕೆಟ್ಟ ಯೋಚನೆ. ಎರಡೂ ಸೇರಿ ಇನ್ನೂರು ಡಾಲರ್ ಹತ್ತಿರ ಹೋಯಿತು. ಒಣ ಚರ್ಮ ಶಾಖವನ್ನು ಎಷ್ಟೋ ಚೆನ್ನಾಗಿ ತಡೆಯುತ್ತದೆ, ಹಾಗಾಗಿ ಹಿಡಿಯನ್ನು ತಣ್ಣಗಿಡುವುದಕ್ಕಿಂತ ಒಣಗಿಡುವುದು ಮುಖ್ಯ ಎಂದು ಅಲ್ಲಿ ಗೊತ್ತಾಯಿತು.

ಈಗಿನ ವಿಧಾನ ಹೀಗಿದೆ. ಸುಮಾರು 20 ಸೆಂ.ಮೀ. ಎತ್ತರದ ಕಿರಿದಾದ ಸ್ಟೀಲ್ ಡಬ್ಬ. ಮುಚ್ಚಳಕ್ಕೆ ಎರಡು ಪದರ ಕಾರ್ಕ್ ಹಾಳೆ, ನಡುವೆ ಸಿಲಿಕೋನ್ ಹಾಳೆ. ಅಲಗು ಬಿಗಿಯಾಗಿ ಇಳಿಯುವಷ್ಟೇ ಸೀಳು. ಗಾರ್ಡ್ ಮುಚ್ಚಳದ ಮೇಲೆ ಕೂರುತ್ತದೆ, ಹಿಡಿ ಪೂರ್ತಿ ಹೊರಗೆ. ಆವಿ ಹೋಗಲು ಡಬ್ಬದ ಹಿಂಬದಿಯಲ್ಲಿ ಪೆನ್ಸಿಲ್ ಗಾತ್ರದ ತೂತು, ಎದುರಿನಿಂದ ಹಿಡಿಯ ಮೇಲೆ ಗಾಳಿ ಬೀಸುವ ಚಿಕ್ಕ ಫ್ಯಾನ್. ನೀರು ಗಾರ್ಡ್‌ಗಿಂತ ಒಂದು ಸೆಂ.ಮೀ. ಕೆಳಗಿರಲಿ, ಅಷ್ಟು ಭಾಗಕ್ಕೆ ಆವಿಯೇ ಸಾಕು. ಐದು ಇಂಚಿನ ಅಲಗಿನ ತುದಿ ಡಬ್ಬದ ತಳ ಮುಟ್ಟಬಾರದು.

ಡಿಸ್ಟಿಲ್ಡ್ ನೀರು ಬಿಟ್ಟು ಬೇರೆ ನೀರು ಬೇಡ. ನಲ್ಲಿ ನೀರಿನಲ್ಲಿ ಮಾಡಿದಾಗ ಅಲಗಿನ ಮೇಲೆ ಸುಣ್ಣದ ಬಿಳಿ ಗೆರೆಗಳು ಕೂತವು. ಬೆಂಗಳೂರಿನ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆ ನೋಡಿದವರಿಗೆ ವಿವರಿಸಬೇಕಿಲ್ಲ.

ಮೊದಲು ಅಸಿಟೋನ್ ಹಚ್ಚಿದ ಬಟ್ಟೆಯಿಂದ ಎಣ್ಣೆ ತೆಗೆಯಬೇಕು, ಹಿಡಿಗೆ ಒಂದು ಹನಿಯೂ ತಾಗಬಾರದು. ಎಣ್ಣೆ ಉಳಿದಲ್ಲಿ ತುಕ್ಕು ಕಪ್ಪಾಗದೆ ಕಂದಾಗಿಯೇ ನಿಲ್ಲುತ್ತದೆ. ಅಲಗಿನ ಬೆನ್ನಿನ ಗರಗಸದ ಹಲ್ಲುಗಳ ಬುಡದಲ್ಲಿ ನಾನು ಮೊದಲು ಸೋತದ್ದು ಇದರಿಂದಲೇ. ಅಲ್ಲಿ ಹಲ್ಲುಜ್ಜುವ ಬ್ರಷ್ ಬೇಕು. ಎಂಟು ನಿಮಿಷ ಕುದಿಸಿ, ತೆಗೆದು, ಗಾರ್ಡ್ ಕೈಗೆ ತಣ್ಣಗಾಗುವವರೆಗೆ ಕಾದು, ಮತ್ತೆ ಇಳಿಸಬೇಕು. ಇಂಥ ಮೂರು ಸರದಿ ಸೇರಿದರೆ ಒಂದು ಸುತ್ತು. ಸುತ್ತಿನ ಕೊನೆಗೆ ಸಡಿಲವಾದ ಕಪ್ಪು ಪುಡಿಯನ್ನು ನೈಲಾನ್ ಬ್ರಷ್‌ನಿಂದ ಉಜ್ಜಿ, ನೀರು ಬದಲಿಸಿ. ಉಪ್ಪಿನಂಶ ಆ ನೀರಿಗೆ ಇಳಿದಿರುತ್ತದೆ, ಅದನ್ನೇ ಮರುಬಳಸಿದರೆ ಎರಡು ತಿಂಗಳಲ್ಲಿ ತುಕ್ಕು ಮತ್ತೆ ಮೇಲೇಳುತ್ತದೆ. ಹಿತ್ತಾಳೆ ಬ್ರಷ್ ಬೇಡ, ಫಾಸ್ಫೇಟ್ ಮೇಲೆ ಹಳದಿ ಬಳಿಯುತ್ತದೆ. ಸಾಮಾನ್ಯವಾಗಿ ಮೂರು ಸುತ್ತು ಸಾಕು. ಅಲಗಿನ 1095 ಎಂಬ ಹೆಚ್ಚು ಇಂಗಾಲದ ಉಕ್ಕಿನ ಹದಕ್ಕೆ (ಗಡಸುತನಕ್ಕೆ) 100 ಡಿಗ್ರಿ ಏನೂ ಅಲ್ಲ.

ಗಾರ್ಡ್‌ನ ಕೆಳಗಂಚಿನಲ್ಲಿ ಆವಿ ಸೋರದಂತೆ ಒಂದು ಸೀಲ್ ಹಾಕುತ್ತೇನೆ. ಅದು ಯಾವುದರದ್ದು ಎಂದು ಹೇಳುವುದಿಲ್ಲ, ಅದಕ್ಕೆ ಒಂದು ಚಳಿಗಾಲವೇ ಹಿಡಿದಿದೆ.

ಬಿಸಿ ಆರುವ ಮುನ್ನ ತೆಳು ಎಣ್ಣೆ, ಮರುದಿನ ಅದನ್ನು ಒರೆಸಿ ಮೈಕ್ರೋಕ್ರಿಸ್ಟಲೈನ್ ಮೇಣ. ಹಿಡಿಗೆ ಏನೂ ಹಚ್ಚದಿರುವುದೇ ಒಳ್ಳೆಯದು. ಚಪ್ಪಲಿಗೆ ಹಚ್ಚುವಂತೆ ಹರಳೆಣ್ಣೆ ಹಚ್ಚಿ ನೋಡಿದ ಹಿಡಿ ಇಂದಿಗೂ ಅಂಟುತ್ತದೆ, ಧೂಳು ಕೂತು ಬಿಲ್ಲೆಗಳ ಗೆರೆಯೇ ಮಾಯವಾಗಿದೆ.

ಲೆಕ್ಕಕ್ಕೆ ಬಂದರೆ, ಪಾಮೆಲ್ (ಹಿಡಿಯ ತುದಿಯ ಲೋಹ) ಮೇಲೆ 1969ರ ಗುರುತಿರುವ ತುಕ್ಕುಹಿಡಿದ ಕ್ಯಾಮಿಲಸ್ ನನಗೆ 60 ಡಾಲರ್‌ಗೆ ಸಿಕ್ಕಿತು. ಶುದ್ಧವಾಗಿರುವುದಕ್ಕೆ 150ರ ಮೇಲೆ ಕೇಳುತ್ತಿದ್ದರು. ಡಬ್ಬ, ಹಾಳೆ, ಫ್ಯಾನ್ ಎಲ್ಲ ಸೇರಿ 40 ದಾಟಲಿಲ್ಲ. ಹನ್ನೊಂದೋ ಹನ್ನೆರಡೋ ಚಾಕು ಹೀಗೆ ಮಾಡಿದ್ದೇನೆ, ಮೊದಲೆರಡು ಬಿಟ್ಟರೆ ಒಂದರ ಹಿಡಿಯೂ ಸಡಿಲವಾಗಿಲ್ಲ. ಬೇಡ ಎಂದವರಲ್ಲಿ ಇಬ್ಬರು ಈಗ ತಮ್ಮ ಚಾಕುಗಳನ್ನು ನನಗೇ ಕಳಿಸುತ್ತಾರೆ.

ಕುದಿಸಿದ ಚಾಕುವನ್ನು ಮತ್ತೆ ಹಳೆಯ ಒರೆಗೆ ಸೇರಿಸಬೇಡಿ. ಚರ್ಮ ತೇವ ಹಿಡಿದಿಡುತ್ತದೆ, ಒರೆಯ ಜೇಬಿನಲ್ಲಿರುವ ಸಾಣೆಕಲ್ಲು ಇನ್ನೂ ಹೆಚ್ಚು. ಒರೆಯ ಗುಂಡಿಗಳ ಸುತ್ತ ಬೆಳೆಯುವ ಮೇಣದಂಥ ಹಸಿರು ಕಿಲುಬನ್ನು ಬಿದಿರ ಕಡ್ಡಿಯಿಂದ ಕೆರೆದು, ಒರೆಯನ್ನು ಬೇರೆಯೇ ಇಡಿ. ಮಾರ್ಬಲ್ಸ್ ಕಂಪನಿಯ ಆರಿಂಚಿನ ಮೊದಲ ಚಾಕುಗಳನ್ನು ಮಾತ್ರ ಈ ಡಬ್ಬಕ್ಕೆ ಇಳಿಸಿಲ್ಲ, ಇಳಿಸುವುದೂ ಇಲ್ಲ. ಅವುಗಳ ಬೆಲೆಗೆ ಎಣ್ಣೆ ಮತ್ತು ಮರದ ಕಡ್ಡಿಯೇ ಸರಿ.