ಡಿಶ್ ಕೇಬಲ್ಲಿನಲ್ಲಿ ಬೆಂಗಳೂರು ರಿಪೀಟರ್

ತುಮಕೂರಿನ ನಮ್ಮ ಮನೆಯಲ್ಲಿ ಈಗ ಬೆಂಗಳೂರಿನ 2 ಮೀಟರ್ ರಿಪೀಟರ್ (145 ಮೆಗಾಹರ್ಟ್ಸ್ ಸುತ್ತ ಹ್ಯಾಮ್ ರೇಡಿಯೊದವರ ಮಾತನ್ನು ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ಕೇಂದ್ರ) ನಡುಮಧ್ಯಾಹ್ನವೂ ಸ್ವಚ್ಛವಾಗಿ ಕೇಳಿಸುತ್ತದೆ. ಮಹಡಿಯಿಂದ ಸೆಟ್‌ವರೆಗೆ ಇಳಿದಿರುವುದು ಟಿವಿಯವರು ಬಳಸುವ 75 ಓಮ್‌ನ ಆರ್‌ಜಿ-6 ಕೇಬಲ್. "50 ಓಮ್ ಸೆಟ್ಟಿಗೆ ಡಿಶ್ ಕೇಬಲ್ಲೇ? ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಕೊಳ್ಳುತ್ತೀರಿ, ಸ್ವಾಮಿ" ಎಂದು ನೆಟ್‌ನಲ್ಲಿ ನಕ್ಕವರು ನಾಲ್ಕಾರು ಮಂದಿ. ಒಂದು ಮಳೆಗಾಲ ಕಳೆಯಿತು, ಏನೂ ಸುಟ್ಟಿಲ್ಲ. ನಕ್ಕವರಲ್ಲಿ ಇಬ್ಬರು ಈಗ ಅಳತೆ ಕೇಳುತ್ತಿದ್ದಾರೆ.

ಮೊದಲು ಹಣ ಹೋದ ದಾರಿ ಹೇಳುತ್ತೇನೆ. 6 ಡಿಬಿ ಗೇನ್ (ಆಂಟೆನಾ ಸಿಗ್ನಲ್ ಹಿಗ್ಗಿಸುವ ಲೆಕ್ಕ; ಡಿಬಿ ಎಂದರೆ ಸಿಗ್ನಲ್ಲಿನ ಏರಿಳಿತದ ಅಳತೆ) ಎಂದು ಬರೆದಿದ್ದ ಫೈಬರ್ ಗ್ಲಾಸ್ ವರ್ಟಿಕಲ್ ಆಂಟೆನಾಗೆ ಸುಮಾರು 3,800 ರೂಪಾಯಿ. ಅದಕ್ಕೆ ಸುಮಾರು 20 ಮೀಟರ್ ಆರ್‌ಜಿ-58 ಎಂಬ 50 ಓಮ್ ಕೇಬಲ್, ಮೀಟರಿಗೆ 40ರ ಲೆಕ್ಕ. ನೀರಿನ ಟ್ಯಾಂಕಿನ ಪಕ್ಕದ ಕಬ್ಬಿಣದ ಪೈಪಿಗೆ ಬಿಗಿದು ಕೇಳಿದರೆ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ಮುಚ್ಚುವ ಬಾಗಿಲು) ತೆರೆಯುತ್ತಿತ್ತು, ಮಾತು ಮಾತ್ರ ಗೊರಗೊರದೊಳಗೆ ಮುಳುಗಿರುತ್ತಿತ್ತು. ಆಂಟೆನಾ ಕಳಪೆ ಎಂದುಕೊಂಡು ಎಸಿ ಮೆಕ್ಯಾನಿಕ್ ಬಳಿ ಉಳಿದಿದ್ದ ತಾಮ್ರದ ಕೊಳವೆಯಲ್ಲಿ ಜೆ ಅಕ್ಷರದ ಆಕಾರದ ಜೆ-ಪೋಲ್ ಆಂಟೆನಾ ಮಾಡಿದೆ. ಉದ್ದದ ತೋಳು ಒಂದೂವರೆ ಮೀಟರಿಗೆ ಸ್ವಲ್ಪ ಕಡಿಮೆ, ಗಿಡ್ಡ ತೋಳು ಅರ್ಧ ಮೀಟರಿಗೆ ಸ್ವಲ್ಪ ಕಡಿಮೆ. ಎಸ್‌ಡಬ್ಲ್ಯುಆರ್ (ಹೊಂದಿಕೆಯ ಅಳತೆ, 1 ಎಂದರೆ ಪೂರ್ತಿ ಹೊಂದಿಕೆ) 1.3ರ ಆಸುಪಾಸು. ಫಲ ಅದೇ ಗೊರಗೊರ. ಆಮೇಲೆ ಮಂಗಗಳು ಅದನ್ನು ಹಿಡಿದು ಜೋತಾಡಿ ಬಗ್ಗಿಸಿದವು.

ಟಿವಿ ಬೂಸ್ಟರ್ ಒಂದನ್ನೂ ನಡುವೆ ಸೇರಿಸಿ ನೋಡಿದೆ. ಎಫ್‌ಎಂ ಕೇಂದ್ರದ ಹಾಡು 2 ಮೀಟರಿನ ಮೇಲೆ ಬಂದು ಕುಳಿತಿತು. ಅದರ ಮೂಲಕ ಟ್ರಾನ್ಸ್‌ಮಿಟ್ ಮಾಡುವಂತೆಯೂ ಇಲ್ಲ. ಕಳಚಿ ಅಟ್ಟಕ್ಕೆ ಹಾಕಿದೆ.

ಸಂಶಯ ಕೇಬಲ್ ಕಡೆ ತಿರುಗಿದ್ದು ಕೈಸೆಟ್ಟನ್ನು ಮಹಡಿಗೇ ಒಯ್ದಾಗ. ಒಂದಡಿ ತುಂಡು ಕೇಬಲ್‌ನಲ್ಲಿ ನೇರವಾಗಿ ಆಂಟೆನಾಗೆ ಸಿಕ್ಕಿಸಿದರೆ ಅದೇ ರಿಪೀಟರ್ ಸ್ವಚ್ಛ. 145 ಮೆಗಾಹರ್ಟ್ಸ್‌ನಲ್ಲಿ ಆರ್‌ಜಿ-58 ನೂರು ಮೀಟರಿಗೆ ಹತ್ತಿರ ಹತ್ತಿರ 20 ಡಿಬಿ ನುಂಗುತ್ತದೆ. 20 ಮೀಟರಿಗೆ 4 ಡಿಬಿ, ಅಂದರೆ ಬಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿಯಲ್ಲೇ ಮುಗಿಯಿತು. ಹೋಗುವಾಗಲೂ ಅದೇ ಸುಂಕ. ಗೇನ್ ಎಂದು ಕೊಟ್ಟ 3,800 ರೂಪಾಯಿಯನ್ನು ಕೇಬಲ್ ತಿನ್ನುತ್ತಿತ್ತು.

ಎಲ್‌ಎಂಆರ್-400 ಎಂಬ ದಪ್ಪನೆಯ, ಕಡಿಮೆ ನಷ್ಟದ ಕೇಬಲ್ ಹಾಕಿ ಎಂದರು ಎಲ್ಲರೂ. ಬೆಂಗಳೂರಿನ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿದಾಗ ಕನೆಕ್ಟರ್ ಸೇರಿ 5,000 ಮೀರುತ್ತಿತ್ತು. ಆರ್‌ಜಿ-6 ಆಗ ಮೀಟರಿಗೆ 18 ರೂಪಾಯಿ ಇತ್ತು. 18 ಮೀಟರಿಗೆ ಇದರ ನಷ್ಟ ಒಂದೂವರೆ ಡಿಬಿ, ಎಲ್‌ಎಂಆರ್‌ನದು ಒಂದರ ಹತ್ತಿರ. ಆ ಅರ್ಧ ಡಿಬಿಗಾಗಿ ನಾಲ್ಕೂವರೆ ಸಾವಿರ ಕೊಡುವಷ್ಟು ಹಣ ಮನೆಯಲ್ಲಿ ಬೆಳೆದಿಲ್ಲ. ಇನ್ನು 75ಕ್ಕೂ 50ಕ್ಕೂ ಹೊಂದಿಕೆಯಾಗದಿದ್ದರೆ ಕೇಬಲ್‌ನೊಳಗೆ ಆಗುವುದು 1.5 ಎಸ್‌ಡಬ್ಲ್ಯುಆರ್, ಅದರಿಂದ ಹೆಚ್ಚುವ ಕೇಬಲ್ ನಷ್ಟ 0.2 ಡಿಬಿಗೂ ಕಡಿಮೆ. ಉದ್ದ ತೀರಾ ತಪ್ಪಿದರೆ ಸೆಟ್‌ನ ಬಾಯಲ್ಲಿ ಅದು 2ರ ಆಸುಪಾಸಿಗೆ ಏರಬಹುದು. ಅದೂ ಬೇಡವೆಂದರೆ ಒಟ್ಟು ಉದ್ದವನ್ನು ಅರ್ಧ ತರಂಗದ ಗುಣಕವಾಗಿ ಇಡಬೇಕು, ಆಗ ಆಂಟೆನಾದ 50 ಓಮ್ ಸೆಟ್‌ನ ಬಾಯಲ್ಲೂ 50ರ ಹತ್ತಿರವೇ ಕಾಣುತ್ತದೆ. ಒಳಗೆ ಫೋಮ್ ತುಂಬಿದ ಇಂಥ ಕೇಬಲ್‌ನಲ್ಲಿ ಒಂದು ಅರ್ಧ ತರಂಗ 86 ಸೆಂಟಿಮೀಟರಿನಷ್ಟು. ನನ್ನದು ಅದರ 21ರಷ್ಟು, ನಡುವೆ ಜೋಡಣೆಯಿಲ್ಲದ ಒಂದೇ ತಂತಿ. ವೆಲಾಸಿಟಿ ಫ್ಯಾಕ್ಟರ್ (ಕೇಬಲ್‌ನೊಳಗೆ ತರಂಗದ ವೇಗ ಬೆಳಕಿನ ವೇಗದ ಎಷ್ಟು ಪಾಲು ಎಂಬುದು) ಸುರುಳಿಯಿಂದ ಸುರುಳಿಗೆ ಬದಲಾಗುತ್ತದೆ. ಆದ್ದರಿಂದ ಒಂದಡಿ ಹೆಚ್ಚು ಬಿಟ್ಟು, ಗೆಳೆಯರ ನ್ಯಾನೋವಿಎನ್‌ಎ (ಆಂಟೆನಾ, ಕೇಬಲ್ ಅಳೆಯುವ ಪುಟ್ಟ ಸಾಧನ) ತಂದು ನೋಡುತ್ತಾ ಕತ್ತರಿಸಿ. ಒಳಗಿನ ತಂತಿ ತಾಮ್ರ ಬಳಿದ ಉಕ್ಕು ಎಂದು ಮೂಗು ಮುರಿಯಬೇಡಿ, ಈ ಆವರ್ತನದಲ್ಲಿ ವಿದ್ಯುತ್ತು ಹರಿಯುವುದು ಮೇಲ್ಪದರದಲ್ಲಿ. ಅಲ್ಯೂಮಿನಿಯಂ ಹೆಣಿಗೆಗೆ ಬೆಸುಗೆ ಹಿಡಿಯುವುದಿಲ್ಲ, ಒತ್ತಿ ಕೂರಿಸುವ ಎಫ್ ಕನೆಕ್ಟರ್ ಹಾಕಿ ಅಲ್ಲಿಂದ ಅಡಾಪ್ಟರ್ ಮೂಲಕ ಬಿಎನ್‌ಸಿ ಕನೆಕ್ಟರಿಗೆ ಹೋಗಿ. ತಿರುಪಿನ 10 ರೂಪಾಯಿ ಕನೆಕ್ಟರ್ ಮೊದಲ ಮಳೆಗೇ ನೀರು ಕುಡಿಯಿತು.

ಕೇಬಲ್ ಬದಲಾದ ಮೇಲೂ ಸಂಜೆ ಆರರ ನಂತರ ಗದ್ದಲ ಏರುತ್ತಿತ್ತು. ಆರ್‌ಟಿಎಲ್ ಡಾಂಗಲ್‌ನಲ್ಲಿ (ಕಂಪ್ಯೂಟರಿಗೆ ಸಿಕ್ಕಿಸಿ ಸಿಗ್ನಲ್‌ಗಳನ್ನು ಪರದೆಯಲ್ಲಿ ನೋಡುವ ರಿಸೀವರ್) ನೋಡಿದರೆ ಸಮಾನ ಅಂತರದ ಗೆರೆಗಳ ಸಾಲು. ಮೇನ್ ಸ್ವಿಚ್ ಇಳಿಸಿ 12 ವೋಲ್ಟ್ ಬ್ಯಾಟರಿಯಲ್ಲಿ ಕೇಳಿದಾಗ ಮುಕ್ಕಾಲು ಪಾಲು ಮಾಯವಾಯಿತು: ನಮ್ಮದೇ ಸಿಸಿಟಿವಿಯ ಅಡಾಪ್ಟರ್, ಮೆಟ್ಟಿಲಿನ ಎರಡು ಎಲ್‌ಇಡಿ ಬಲ್ಬು. ಉಳಿದದ್ದು ಪಕ್ಕದ ಮನೆಯದು. ಅವರಿಗೆ ನಾನೇ ಎರಡು ಒಳ್ಳೆಯ ಬಲ್ಬು ಕೊಡಿಸಿದೆ, 300 ರೂಪಾಯಿಗೆ ಇಷ್ಟು ಡಿಬಿ ಯಾವ ಆಂಟೆನಾವೂ ಕೊಡುವುದಿಲ್ಲ. ಕೇಬಲ್‌ನ ಹೊರಮೈ ಮೇಲೆ ಏರುವ ಗದ್ದಲಕ್ಕೆ ಕೇಬಲ್ ಆಂಟೆನಾ ಸೇರುವ ಫೀಡ್ ಬಿಂದುವಿನಲ್ಲಿ ಫೆರೈಟ್ (ಗದ್ದಲ ತಡೆಯುವ ಕಾಂತೀಯ ಉಂಗುರ) ಹಾಕಿದ್ದೇನೆ. ಯಾವ ಜಾತಿಯದು, ಎಷ್ಟು ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಕೊನೆಗೆ ಮೂರು ಕಡ್ಡಿಯ ಯಾಗಿ, ಒಂದೇ ದಿಕ್ಕಿಗೆ ಮುಖ ಮಾಡುವ ಆಂಟೆನಾ. ಗುಜರಿಯಲ್ಲಿ ಸಿಕ್ಕ ದೂರದರ್ಶನ ಕಾಲದ ಆಂಟೆನಾದ ಅಲ್ಯೂಮಿನಿಯಂ ಕೊಳವೆಗಳು, ತೂಕದ ಲೆಕ್ಕದಲ್ಲಿ 150 ರೂಪಾಯಿ. ಹಿಂದಿನ ಕಡ್ಡಿ ರಿಫ್ಲೆಕ್ಟರ್ 103 ಸೆಂಟಿಮೀಟರ್, ಮುಂದಿನ ಡೈರೆಕ್ಟರ್ 92ರ ಹತ್ತಿರ, ನಡುವಿನದನ್ನು ಉಜ್ಜಿ ಉಜ್ಜಿ ಹೊಂದಿಸಿದ್ದು. ರಿಪೀಟರಿನ ಆಂಟೆನಾ ಲಂಬವಾದ್ದರಿಂದ ಕಡ್ಡಿಗಳೂ ಲಂಬವೇ. ಆಗ ಕಬ್ಬಿಣದ ಕಂಬ ಅವುಗಳ ನಡುವೆ ಬಂದರೆ ಇಡೀ ಲೆಕ್ಕ ಕೆಡುತ್ತದೆ, ಮೇಲಿನ ಒಂದೂವರೆ ಮೀಟರ್ ಪಿವಿಸಿ ಇರಲಿ. ಆಗ್ನೇಯಕ್ಕೆ ತಿರುಗಿಸಿದ ಗಳಿಗೆಯೇ ವ್ಯತ್ಯಾಸ ತಿಳಿಯಿತು: 5 ವಾಟ್‌ನ ಕೈಸೆಟ್‌ನಲ್ಲಿ ಕರೆದರೆ ರಿಪೀಟರ್‌ನ ಬಾಲ (ನಾವು ಮಾತು ನಿಲ್ಲಿಸಿದ ಮೇಲೂ ಕ್ಷಣಕಾಲ ಉಳಿಯುವ ಅದರ ಸಿಗ್ನಲ್) ಮರಳಿ ಬಂತು, "ಬೆಂಗಳೂರಿನೊಳಗೇ ಇದ್ದೀರಾ?" ಎಂದು ಕೇಳಿದರು ಒಬ್ಬರು.

ಒಂದು ಎಚ್ಚರಿಕೆ: ಜನವರಿಯ ಬೆಳಗಿನ ಫಲಿತಾಂಶ ನಂಬಬೇಡಿ. ಮಂಜಿನ ದಿನ ಗಾಳಿಯ ಪದರವೇ ಸಿಗ್ನಲ್ ಬಗ್ಗಿಸಿ ತರುತ್ತದೆ, ಮುರಿದ ಜೆ-ಪೋಲ್ ಕೂಡ ಜಾಣನಂತೆ ಕೇಳಿಸುತ್ತದೆ. ನನ್ನ ಹೋಲಿಕೆಗಳೆಲ್ಲ ಹನ್ನೆರಡರಿಂದ ಮೂರರ ನಡುವಿನವು.

ಅದೇ ಕೇಬಲ್‌ನಲ್ಲಿ ಬಾಹ್ಯಾಕಾಶ ನಿಲ್ದಾಣದ ರಿಪೀಟರನ್ನೂ ಕೇಳಿದೆ, 437.800 ಮೆಗಾಹರ್ಟ್ಸ್‌ನಲ್ಲಿ. 145ರ ಅರ್ಧ ತರಂಗ 435ರಲ್ಲಿ ಮೂರು ಅರ್ಧ ತರಂಗ, ಆದ್ದರಿಂದ ಯಾಗಿಯ ನಡುಕಡ್ಡಿ ಅಲ್ಲಿಯೂ ಹೇಗೋ ಹೊಂದಿಕೊಳ್ಳುತ್ತದೆ. ಕೇಬಲ್‌ನ ಗುಣಕ ಮಾತ್ರ ಇಷ್ಟು ಉದ್ದದಲ್ಲಿ 437.800ಕ್ಕೆ ಕೂಡಿಬರುವುದಿಲ್ಲ, ಕೇಳುವುದಕ್ಕೆ ಅದು ಅಡ್ಡಿಯಾಗಲಿಲ್ಲ. ನಿಲ್ದಾಣ ದಿಗಂತದ ಬಳಿ ಇದ್ದಾಗ ಚೆನ್ನ, ನೆತ್ತಿಗೆ ಬಂದರೆ ಮಸುಕು. 145.990ರಲ್ಲಿ, ಆ ರಿಪೀಟರ್ ತೆರೆಯಲು ಬೇಕಾದ 67 ಹರ್ಟ್ಸ್ ಟೋನ್ ಹಾಕಿ ಕರೆದೂ ನೋಡಿದೆ, ಉತ್ತರ ಬಂದಿಲ್ಲ. ಮುಂದೆ 70 ಸೆಂಟಿಮೀಟರ್ ಬ್ಯಾಂಡಿಗೆ, ಅಂದರೆ ಈ 435ರ ಸುತ್ತಿನ ಆವರ್ತನಕ್ಕೆ, ಬೇರೆ ಯಾಗಿ ಕಟ್ಟುವುದಿದೆ, ಕೊಳವೆ ಇನ್ನೂ ಎರಡು ಉಳಿದಿವೆ.