ಕಣ್ಣಿಗೆ ಯಾವುದು, ಕಿವಿಗೆ ಯಾವುದು: ಪುಸ್ತಕ, ಆಡಿಯೋ ಪುಸ್ತಕ ಎರಡನ್ನೂ ಜೊತೆಗಿಟ್ಟುಕೊಂಡು ಓದುವ ಬಗೆ

ಆಡಿಯೋ ಪುಸ್ತಕವೊಂದು ಅರ್ಧಕ್ಕೆ ನಿಂತರೆ ಅದಕ್ಕೆ ಪುಸ್ತಕ ಕಾರಣವಾಗಿರುವುದು ಕಡಿಮೆ. ಕಣ್ಣಿಗೆ ಕೊಡಬೇಕಾದದ್ದನ್ನು ಕಿವಿಗೆ ಕೊಟ್ಟಿರುತ್ತೇವೆ, ಅಷ್ಟೆ. ಕಾದಂಬರಿ, ಆತ್ಮಕಥೆ, ಕಾವ್ಯ, ಪತ್ತೇದಾರಿ, ವಿಜ್ಞಾನ ಎಲ್ಲವನ್ನೂ ಒಂದೇ ಇಯರ್‌ಫೋನಿನಲ್ಲಿ ತುರುಕಿದರೆ ಎರಡನೇ ವಾರಕ್ಕೆ ಯಾರು ಯಾರ ಮಗ ಎಂಬುದೇ ಮರೆತುಹೋಗುತ್ತದೆ. ಆದ್ದರಿಂದ ಯಾವ ಪ್ರಕಾರವನ್ನು ಓದಬೇಕು, ಯಾವುದನ್ನು ಕೇಳಬೇಕು ಎಂಬುದನ್ನು ಶುರುಮಾಡುವ ಮೊದಲೇ ತೀರ್ಮಾನಿಸಿಕೊಳ್ಳಿ.

ಕನ್ನಡ ಕೇಳುವಾಗ ಇನ್ನೊಂದು ತೊಡಕಿದೆ. ನಮ್ಮ ವಾಕ್ಯದ ಜುಟ್ಟು ಇರುವುದು ಅದರ ಕೊನೆಯಲ್ಲಿ. ‘ಅವನು ಆ ರಾತ್ರಿ ಗದ್ದೆ ದಾಟಿ ಮನೆಗೆ ಬಂದನೆಂದು ಊರವರು ಆಡಿಕೊಂಡದ್ದು ಸುಳ್ಳು’ ಎಂಬ ವಾಕ್ಯವನ್ನು ಕೇಳುತ್ತಿದ್ದೀರಿ ಅಂದುಕೊಳ್ಳಿ. ಸರಿಯಾಗಿ ‘ಸುಳ್ಳು’ ಎನ್ನುವ ಹೊತ್ತಿಗೆ ಕುಕ್ಕರ್ ಕೂಗಿತು. ನಿಮ್ಮ ಪಾಲಿಗೆ ಅವನು ಮನೆಗೆ ಬಂದಾಯಿತು, ಮುಂದಿನ ಇಪ್ಪತ್ತು ನಿಮಿಷ ತಪ್ಪು ಕಥೆ ಕೇಳುತ್ತೀರಿ. ಓದುವಾಗ ಕಣ್ಣು ತಾನಾಗಿ ಹಿಂದಕ್ಕೆ ಹೋಗಿ ನೋಡಿಕೊಂಡು ಬರುತ್ತದೆ. ಕಿವಿಗೆ ಆ ಸೌಕರ್ಯವಿಲ್ಲ. ಹಾಗಾಗಿ ಆ್ಯಪ್‌ನಲ್ಲಿ ಹಿಂದಕ್ಕೆ ಹೋಗುವ ಗುಂಡಿಯನ್ನು 30 ಸೆಕೆಂಡಿನ ಬದಲು 10 ಅಥವಾ 15 ಸೆಕೆಂಡಿಗೆ ಇಟ್ಟುಕೊಳ್ಳಿ. ತಪ್ಪಿಹೋಗುವುದು ಸಾಮಾನ್ಯವಾಗಿ ಒಂದೇ ವಾಕ್ಯ. ಅರ್ಧ ನಿಮಿಷ ಹಿಂದೆ ಹೋಗಬೇಕೆಂದರೆ ಬೇಜಾರಾಗಿ ಆ ಗುಂಡಿಯನ್ನು ಒತ್ತುವುದನ್ನೇ ಬಿಡುತ್ತೇವೆ.

ವೇಗದ ವಿಷಯವೂ ಇದೇ. ಇಂಗ್ಲಿಷ್ ಪುಸ್ತಕವನ್ನು 1.5 ಪಟ್ಟು ಓಡಿಸುವ ಅಭ್ಯಾಸವಿರುವವರು ಕನ್ನಡಕ್ಕೂ ಅದನ್ನೇ ತಂದರೆ ಹ್ರಸ್ವ-ದೀರ್ಘಗಳು ಕಲಸಿಹೋಗುತ್ತವೆ. ‘ಬಳೆ’ಗೂ ‘ಬಾಳೆ’ಗೂ ಇರುವ ಅಂತರ ಒಂದು ಮಾತ್ರೆ. ನಿಧಾನವಾಗಿ ಓದುವ ದನಿಯಾದರೆ 1.2 ಪಟ್ಟಿನವರೆಗೆ ಹೋಗಬಹುದು, ಸಂಭಾಷಣೆ ಹೆಚ್ಚಿದ್ದರೆ ಇದ್ದ ವೇಗದಲ್ಲೇ ಬಿಡಿ. ಮೌನವನ್ನು ಕತ್ತರಿಸುವ ಸೌಲಭ್ಯ ಆ್ಯಪ್‌ನಲ್ಲಿದ್ದರೆ ಕಾದಂಬರಿಗೆ ಅದನ್ನು ಖಂಡಿತ ಆಫ್ ಮಾಡಿ. ಅಚ್ಚಿನ ಪುಸ್ತಕದಲ್ಲಿ ದೃಶ್ಯ ಬದಲಾದಾಗ ಒಂದು ಸಾಲು ಖಾಲಿ ಬಿಟ್ಟಿರುತ್ತಾರೆ. ಆಡಿಯೋದಲ್ಲಿ ಆ ಖಾಲಿ ಸಾಲಿನ ಬದಲಿಗೆ ಇರುವುದು ಎರಡು ಸೆಕೆಂಡಿನ ಮೌನ ಮಾತ್ರ. ಅದನ್ನೂ ಕತ್ತರಿಸಿದರೆ ಅಡುಗೆಮನೆಯಲ್ಲಿದ್ದವಳು ಮರುಕ್ಷಣವೇ ರೈಲಿನಲ್ಲಿ ಕೂತಿರುತ್ತಾಳೆ.

ಕಾದಂಬರಿ: ಮೊದಲು ಕಣ್ಣು, ಆಮೇಲೆ ಕಿವಿ

ದೊಡ್ಡ ಕಾದಂಬರಿಯನ್ನು ಕಿವಿಯಲ್ಲಿ ಕೇಳಲಾಗದು ಎನ್ನುವವರಿದ್ದಾರೆ. ಕೇಳಬಹುದು, ಆದರೆ ಮೊದಲ ಐವತ್ತು ಪುಟವನ್ನು ಅಚ್ಚಿನಲ್ಲೇ ಓದಬೇಕು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಇದಕ್ಕೆ ಸರಿಯಾದ ಉದಾಹರಣೆ. ಒಬ್ಬ ನಾಯಕ, ಒಬ್ಬಳು ನಾಯಕಿ ಎಂದು ಹಿಡಿದುಕೊಳ್ಳಲು ಅಲ್ಲಿ ಯಾರೂ ಸಿಗುವುದಿಲ್ಲ, ಜನ ಬಂದು ಹೋಗುತ್ತಲೇ ಇರುತ್ತಾರೆ. ಪಾತ್ರಗಳ ಹೆಸರನ್ನು ಅಕಾರಾದಿಯಾಗಿ ಪಟ್ಟಿ ಮಾಡಿದರೆ ಪ್ರಯೋಜನವಿಲ್ಲ. ಮಲೆನಾಡಿನಲ್ಲಿ ಹೆಸರಿನ ಮುಂದೆ ಮನೆಯೋ ಊರೋ ಬರುತ್ತದಲ್ಲ, ಪಟ್ಟಿಯೂ ಹಾಗೇ ಇರಲಿ. ಒಂದು ಎ4 ಹಾಳೆಯನ್ನು ಅಡ್ಡ ಮಾಡಿ ಐದು ಅಂಕಣ ಗೆರೆ ಎಳೆಯಿರಿ: ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ. ಸಿಂಬಾವಿಯ ಕೆಳಗೆ ಭರಮೈ ಹೆಗ್ಗಡೆ, ಗುತ್ತಿ, ಗುತ್ತಿಯ ನಾಯಿ ಹುಲಿಯ (ನಾಯಿಯನ್ನು ಬಿಡಬೇಡಿ, ಬೇಕಾಗುತ್ತದೆ). ಹಳೆಮನೆಗೆ ಸುಬ್ಬಣ್ಣ ಹೆಗ್ಗಡೆ. ಕೋಣೂರಿಗೆ ಮುಕುಂದಯ್ಯ. ಹೂವಳ್ಳಿಗೆ ಚಿನ್ನಮ್ಮ. ಬೆಟ್ಟಳ್ಳಿಗೆ ಕಲ್ಲಯ್ಯ ಗೌಡ, ತಿಮ್ಮಿ. ಒಬ್ಬರು ಇನ್ನೊಂದು ಮನೆಗೆ ಹೊರಟರೆ ಪೆನ್ಸಿಲಿನಲ್ಲಿ ಒಂದು ಬಾಣ. ಈ ಹಾಳೆ ಮಡಿಸಿ ಜೇಬಿನಲ್ಲಿದ್ದರೆ ಉಳಿದದ್ದನ್ನು ಧೈರ್ಯವಾಗಿ ಕೇಳಿ. ಸಂಭಾಷಣೆಯ ಮಲೆನಾಡ ಕನ್ನಡ ಕಣ್ಣಿಗಿಂತ ಕಿವಿಗೇ ಬೇಗ ಒಗ್ಗುತ್ತದೆ.

ಒಬ್ಬನೇ ನಿರೂಪಕನಿರುವ, ಗಾತ್ರದಲ್ಲಿ ಚಿಕ್ಕದಾದ ಕಾದಂಬರಿಗೆ ಇಷ್ಟೆಲ್ಲ ಬೇಡ. ತೇಜಸ್ವಿಯವರ ‘ಕರ್ವಾಲೊ’ವನ್ನು ‘ನಾನು’ ಎಂದು ಹೇಳುವ ಒಬ್ಬನೇ ನಡೆಸಿಕೊಂಡು ಹೋಗುತ್ತಾನೆ, ಮಾತು ಜಾಸ್ತಿ, ನಗು ಜಾಸ್ತಿ. ನೇರವಾಗಿ ಕಿವಿಗೆ ಹಾಕಿಕೊಳ್ಳಬಹುದು.

ಪತ್ತೇದಾರಿಗೆ ಕಿವಿಯೇ ಮೇಲು. ಕಾರಣ ಸರಳ: ಕೊನೆಯ ಪುಟ ತಿರುಗಿಸಿ ನೋಡುವ ಚಟಕ್ಕೆ ಅಲ್ಲಿ ಅವಕಾಶವಿಲ್ಲ. ಅನುವಾದಿತ ರಷ್ಯನ್ ಕಾದಂಬರಿಗಳನ್ನು ಮಾತ್ರ ಅಚ್ಚಿನಲ್ಲೇ ಓದಿ. ಒಬ್ಬನೇ ಮನುಷ್ಯನನ್ನು ಮನೆಯವರು ಒಂದು ಹೆಸರಿನಿಂದ, ಕಚೇರಿಯವರು ಅಪ್ಪನ ಹೆಸರು ಸೇರಿಸಿ ಇನ್ನೊಂದರಿಂದ, ಲೇಖಕ ಮನೆತನದ ಹೆಸರಿನಿಂದ ಕರೆಯುತ್ತಾರೆ. ಕಿವಿಗೆ ಅವರು ಮೂವರು ಬೇರೆ ಬೇರೆ ಜನ.

ಸಣ್ಣಕಥೆಗೆ ಒಂದೇ ನಿಯಮ: ಒಂದು ಪ್ರಯಾಣಕ್ಕೆ ಒಂದು ಕಥೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಕಥಾಸಂಕಲನ ಹುಡುಕುವವರು ಹೆಚ್ಚಿದ್ದಾರೆ. ಇಂಗ್ಲಿಷಿನ ಆ ಸಂಕಲನದಲ್ಲಿರುವುದು 12 ಕಥೆ. ಹನ್ನೆರಡನ್ನೂ ಶನಿವಾರ ಒಂದೇ ಸಲ ಕೂತು ಮುಗಿಸಿದರೆ ಸೋಮವಾರಕ್ಕೆ ಎರಡು ನೆನಪಿದ್ದರೆ ಹೆಚ್ಚು. ಆಡಿಯೋದಲ್ಲಿ ಒಂದು ಕಥೆ ಮುಗಿಯುತ್ತಲೇ ಮುಂದಿನದು ತಾನಾಗಿ ಶುರುವಾಗುತ್ತದೆ. ನಿಲುಗಡೆ ಟೈಮರ್‌ನಲ್ಲಿ ‘ಅಧ್ಯಾಯದ ಕೊನೆ’ ಎಂಬ ಆಯ್ಕೆ ಇದ್ದರೆ ಅದನ್ನು ಬಳಸಿ.

ಆತ್ಮಕಥೆ ಕಿವಿಗೆಂದೇ ಹುಟ್ಟಿದ್ದು. ಲೇಖಕರೇ ಓದಿದ್ದರೆ ಬೇರೆ ಮಾತೇ ಬೇಡ. ಅಂಕಿ-ಅಂಶ, ನಕ್ಷೆ, ಕೋಷ್ಟಕಗಳಿರುವ ವಿಜ್ಞಾನ ಮತ್ತು ಅರ್ಥಶಾಸ್ತ್ರದ ಪುಸ್ತಕಗಳು ಕಣ್ಣಿಗೆ. ಅಡುಗೆ ಪುಸ್ತಕವನ್ನು ಕೇಳಲು ಹೋಗಬೇಡಿ, ಕೈ ಹಿಟ್ಟಾಗಿರುವಾಗಲೇ ಹಿಂದಕ್ಕೆ ಹೋಗಬೇಕಾಗುತ್ತದೆ.

ಕಾವ್ಯಕ್ಕೆ ಎರಡೂ ಬೇಕು

ಕೇಳುವ ಪುಸ್ತಕ ನಮಗೆ ಹೊಸದೇನಲ್ಲ. ಗಮಕದಲ್ಲಿ ಒಬ್ಬರು ಕಾವ್ಯವನ್ನು ರಾಗವಾಗಿ ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಈ ಕಲೆಗೇ ಹೆಸರಾದ ಊರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕುಮಾರವ್ಯಾಸ ಭಾರತವನ್ನು ಬರೀ ಕಣ್ಣಿನಲ್ಲಿ ಓದುವವರು ಸಂಧಿ ಬಿಡಿಸುವುದರಲ್ಲೇ ಸುಸ್ತಾಗುತ್ತಾರೆ, ಬರೀ ಕಿವಿಯಲ್ಲಿ ಕೇಳುವವರಿಗೆ ರಾಗ ಸಿಕ್ಕಿ ಅರ್ಥ ತಪ್ಪುತ್ತದೆ.

ಹೀಗೆ ಮಾಡಿ. ದಿನಕ್ಕೆ ಐದು ಪದ್ಯ ಸಾಕು. ಮೊದಲು ಪುಸ್ತಕ ಮುಚ್ಚಿಟ್ಟು ವಾಚನ ಕೇಳಿ. ಆಮೇಲೆ ಪುಸ್ತಕ ತೆರೆದು, ಬೆರಳಿಟ್ಟುಕೊಂಡು, ಅದೇ ಐದನ್ನು ಮತ್ತೆ ಕೇಳಿ. ಮೂರನೆಯ ಸಲ ಆಡಿಯೋ ನಿಲ್ಲಿಸಿ ನೀವೇ ಗಟ್ಟಿಯಾಗಿ ಓದಿ. ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೇ ಸಾಲುಗಳಿಗೆ ತಲಾ 14 ಮಾತ್ರೆ, 3 ಮತ್ತು 6ಕ್ಕೆ 23. ಮೂರು-ನಾಲ್ಕು, ಮೂರು-ನಾಲ್ಕು ಎಂದು ಮೇಜಿನ ಮೇಲೆ ತಾಳ ಹಾಕುತ್ತಾ ಓದಿದರೆ ಪದ ಎಲ್ಲಿ ಒಡೆಯುತ್ತದೆ, ಗಣ ಎಲ್ಲಿ ಮುಗಿಯುತ್ತದೆ ಎಂಬುದು ಬೇರೆ ಬೇರೆ ಎಂದು ತಿಳಿಯುತ್ತದೆ. ಕಿವಿಯಲ್ಲಿ ಅರ್ಥ ತಪ್ಪಿದ್ದು ಇಲ್ಲಿಯೇ: ಗಣ ಮುಗಿದಲ್ಲಿ ಪದವೂ ಮುಗಿಯಿತು ಅಂದುಕೊಂಡಿರುತ್ತೇವೆ.

ಡಿವಿಜಿಯವರ ಕಗ್ಗಕ್ಕೆ ಲೆಕ್ಕ ಇನ್ನೂ ಸುಲಭ. 945 ಪದ್ಯ, ದಿನಕ್ಕೊಂದರಂತೆ ಎರಡು ವರ್ಷ ಏಳು ತಿಂಗಳು. ‘ಮುಗಿಸಿದ ಪುಸ್ತಕ’ಗಳ ಪಟ್ಟಿಗೆ ಸೇರಿಸುವ ಆತುರದಲ್ಲಿ ದಿನಕ್ಕೆ ಮೂವತ್ತು ಕೇಳಿದರೆ ಎಲ್ಲವೂ ಒಂದೇ ಪದ್ಯದಂತೆ ಕೇಳಿಸಲು ಶುರುವಾಗುತ್ತದೆ.

ಕೊಳ್ಳುವ ಮುನ್ನ

ಮಾದರಿ ಆಡಿಯೋ ಐದು ನಿಮಿಷ ಕೇಳದೆ ದುಡ್ಡು ಕೊಡಬೇಡಿ. ಗಮನಿಸಬೇಕಾದ್ದು ಕಂಠದ ಇಂಪನ್ನಲ್ಲ. ಅಕಾರ-ಹಕಾರ ಅದಲುಬದಲಾಗುತ್ತಿದೆಯೇ, ‘ಳ’ ಇರುವಲ್ಲಿ ‘ಲ’ ಬರುತ್ತಿದೆಯೇ, ಮಹಾಪ್ರಾಣ ಇದೆಯೇ ನೋಡಿ. ಧಾರವಾಡದ ಸಂಭಾಷಣೆಯನ್ನು ಬೆಂಗಳೂರಿನ ದನಿಯವರು ಓದಿದರೆ ‘ಏನ್ರೀ’ ಎನ್ನುವ ಮಾತೇ ಸಿನಿಮಾದ ಹಾಸ್ಯದಂತೆ ಕೇಳಬಹುದು. ಹತ್ತು ಗಂಟೆ ಅದನ್ನು ಸಹಿಸಬೇಕಾದವರು ನೀವು.

ಆಮೇಲೆ ಅವಧಿ. ಡೆಮಿ ಅಷ್ಟದಳದ (ಸಾಮಾನ್ಯ ಕಾದಂಬರಿಯ ಅಳತೆ) ಒಂದು ತುಂಬಿದ ಪುಟವನ್ನು ಗಟ್ಟಿಯಾಗಿ ಓದಿ, ಫೋನಿನ ಸ್ಟಾಪ್‌ವಾಚ್‌ನಲ್ಲಿ ಅಳೆಯಿರಿ. ಸುಮಾರು ಎರಡರಿಂದ ಎರಡೂವರೆ ನಿಮಿಷ ಬರುತ್ತದೆ. ಹಾಗಾದರೆ 300 ಪುಟದ ಪುಸ್ತಕಕ್ಕೆ ಹತ್ತರಿಂದ ಹನ್ನೆರಡೂವರೆ ಗಂಟೆ ಬೇಕು. ಆ್ಯಪ್‌ನಲ್ಲಿ ‘3 ಗಂಟೆ 40 ನಿಮಿಷ’ ಎಂದಿದ್ದರೆ ಅದು ಸಂಕ್ಷಿಪ್ತ ಆವೃತ್ತಿ, ವಿವರಣೆಯಲ್ಲಿ ಬರೆದಿರಲಿ ಬರೆಯದಿರಲಿ. ಕನ್ನಡ ಆಡಿಯೋಗೆ ಮೈಲ್ಯಾಂಗ್‌ನಂಥ ಕನ್ನಡದ್ದೇ ಆ್ಯಪ್‌ಗಳಿವೆ, ಹೊರಗಿನ ದೊಡ್ಡ ಕಂಪನಿಗಳದ್ದೂ ಇವೆ. ಚಂದಾ ಕಟ್ಟುವ ಮೊದಲು ನಿಮಗೆ ಬೇಕಾದ ಐದು ಪುಸ್ತಕದ ಹೆಸರು ಬರೆದುಕೊಂಡು ಅಲ್ಲಿ ಹುಡುಕಿ. ಐದರಲ್ಲಿ ಎರಡಾದರೂ ಸಿಗದಿದ್ದರೆ ಬಿಡಿಯಾಗಿ ಕೊಳ್ಳುವುದೇ ಲಾಭ.

ಇಳಿಸಿಕೊಳ್ಳುವ ಲೆಕ್ಕವೂ ತಿಳಿದಿರಲಿ. 64 ಕೆಬಿಪಿಎಸ್ ಗುಣಮಟ್ಟದ ಕಡತ ಗಂಟೆಗೆ ಸುಮಾರು 29 ಎಂಬಿ, ಹತ್ತು ಗಂಟೆಯ ಪುಸ್ತಕ 300 ಎಂಬಿಯೊಳಗೆ ಮುಗಿಯುತ್ತದೆ. ಊರಿಗೆ ಹೊರಡುವ ಹಿಂದಿನ ರಾತ್ರಿ ವೈಫೈನಲ್ಲಿ ಇಳಿಸಿಟ್ಟು, ಏರೋಪ್ಲೇನ್ ಮೋಡ್ ಹಾಕಿ ಒಮ್ಮೆ ಓಡಿಸಿ ನೋಡಿ. ಇಳಿದಿದೆ ಎಂದುಕೊಂಡದ್ದು ಬರೀ ಮೊದಲ ಅಧ್ಯಾಯ ಎಂಬುದು ಶಿರಾಡಿ ಘಾಟಿಯಲ್ಲಿ ಗೊತ್ತಾದರೆ ಉಪಯೋಗವಿಲ್ಲ. ಪರದೆ ಆರಿದ ಕೂಡಲೇ ಆಡಿಯೋ ನಿಲ್ಲುತ್ತಿದ್ದರೆ ತಪ್ಪು ಆ್ಯಪ್‌ನದ್ದಲ್ಲದಿರಬಹುದು. ಫೋನಿನ ಬ್ಯಾಟರಿ ಉಳಿತಾಯದ ಸೆಟ್ಟಿಂಗ್‌ನಲ್ಲಿ ಆ ಆ್ಯಪ್‌ಗೆ ನಿರ್ಬಂಧ ತೆಗೆಯಿರಿ.

ಆಡಿಯೋ ಬಾರದ ಪುಸ್ತಕವನ್ನು ಫೋನಿನಿಂದಲೇ ಓದಿಸಬಹುದು, ಆಂಡ್ರಾಯ್ಡ್‌ನಲ್ಲಿ ಕನ್ನಡ ದನಿ ಇದೆ. ಆದರೆ ಸ್ಕ್ಯಾನ್ ಮಾಡಿದ ಪಿಡಿಎಫ್ ಅದಕ್ಕೆ ಬರೀ ಚಿತ್ರ. ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರವಾಗುತ್ತದೆ. ಒತ್ತಕ್ಷರಗಳಲ್ಲಿ ತಪ್ಪು ಬರುವುದರಿಂದ ಒಮ್ಮೆ ಕಣ್ಣಾಡಿಸಬೇಕು. ಪ್ರಬಂಧ, ಲೇಖನಕ್ಕೆ ಇದು ಸಾಲುತ್ತದೆ, ಕಥೆಗೆ ಸಾಲದು.

ವಾರದ ಲೆಕ್ಕ, ಪುಸ್ತಕದ ಲೆಕ್ಕ

ಒಂದು ಹೊತ್ತಿಗೆ ಮೂರು ಪುಸ್ತಕ ಸಾಕು: ಬಸ್ಸಿಗೊಂದು ಕಿವಿಯದ್ದು, ಮೇಜಿಗೊಂದು ಕಣ್ಣಿನದ್ದು, ಹಾಸಿಗೆ ಪಕ್ಕ ಒಂದು ತೆಳ್ಳಗಿನದ್ದು. ಮೂರೂ ಬೇರೆ ಬೇರೆ ಪ್ರಕಾರವಾಗಿರಲಿ. ಎರಡು ಮಲೆನಾಡ ಕಾದಂಬರಿಗಳನ್ನು ಒಟ್ಟಿಗೆ ಹಿಡಿದರೆ ಒಂದರ ಗೌಡರು ಇನ್ನೊಂದರ ಗದ್ದೆಗೆ ನುಗ್ಗುತ್ತಾರೆ. ಹೋಗಿಬರಲು ದಿನಕ್ಕೆ ಒಂದೂವರೆ ಗಂಟೆಯಾದರೆ ಐದು ದಿನಕ್ಕೆ ಏಳೂವರೆ ಗಂಟೆ; ಫೋನ್ ಕರೆ, ಬಸ್ ಬದಲಿಸುವುದು, ಪರಿಚಯದವರು ಸಿಗುವುದು ಕಳೆದು ಐದೂವರೆ ಎಂದಿಟ್ಟುಕೊಳ್ಳಿ. ಹನ್ನೊಂದು ಗಂಟೆಯ ಕಾದಂಬರಿ ಎರಡು ವಾರ. ಸ್ಕೂಟರಿನಲ್ಲಿ ಹೋಗುವವರಿಗೆ ಈ ಲೆಕ್ಕ ಬೇಡ, ಹೆಲ್ಮೆಟ್ಟಿನೊಳಗೆ ಇಯರ್‌ಫೋನ್ ಬೇಡವೇ ಬೇಡ. ಮಲಗುವ ಮುನ್ನ ಕೇಳುವವರು ಟೈಮರ್ 15 ನಿಮಿಷಕ್ಕಿಟ್ಟು, ಶುರುಮಾಡುವಾಗಲೇ ಒಂದು ಗುರುತು ಹಾಕಲಿ. ಬೆಳಿಗ್ಗೆ ಹಿಂತಿರುಗಬೇಕಾದ್ದು ಆ ಗುರುತಿಗೆ.

ದಾಖಲೆಗೆ ನೂರು ಪುಟದ ನೋಟ್‌ಬುಕ್ಕೇ ಉತ್ತಮ. ಹೆಸರು, ಲೇಖಕರು, ಅನುವಾದಕರು ಅಥವಾ ಓದಿದ ದನಿ, ಶುರು, ಮುಕ್ತಾಯ, ಪುಟ ಇಲ್ಲವೇ ಗಂಟೆ, ಒಂದು ಸಾಲು. ಗಂಟೆಯನ್ನು ಪುಟವಾಗಿ ಪರಿವರ್ತಿಸಲು ಹೋಗಬೇಡಿ. ಅರ್ಧ ಓದಿ ಅರ್ಧ ಕೇಳಿದ್ದರೆ ‘1ರಿಂದ 54ನೇ ಪುಟ, ಆಮೇಲೆ ಕಿವಿ’ ಎಂದು ಬರೆದರಾಯಿತು. ಕೊನೆಯ ಆ ಒಂದು ಸಾಲು ‘ಚೆನ್ನಾಗಿದೆ’ ಎಂದಾಗಿದ್ದರೆ ಅದು ಬರೆಯದಿದ್ದಂತೆಯೇ. ‘ಮದುವೆ ಊಟದ ಅಧ್ಯಾಯ ಎಳೆದಿದೆ, ಅಜ್ಜಿಯ ಬೈಗುಳ ಮತ್ತೆ ಕೇಳಬೇಕು’ ಎಂಬಂಥದ್ದು ಇರಲಿ. ಬಿಟ್ಟ ಪುಸ್ತಕಗಳಿಗೂ ಒಂದು ಪುಟ ಇಡಿ: ಎಲ್ಲಿ ಬಿಟ್ಟಿರಿ, ದನಿ ಸರಿಯಿರಲಿಲ್ಲವೋ ಪುಸ್ತಕವೋ. ದನಿ ಎಂದಿದ್ದರೆ ಅಚ್ಚಿನಲ್ಲಿ ಮತ್ತೊಮ್ಮೆ ಹಿಡಿಯಬಹುದು.

ಕಂಪ್ಯೂಟರಿನಲ್ಲೇ ಬರೆಯುವವರಿಗೆ ಎರಡು ಎಚ್ಚರಿಕೆ. ಐಎಸ್‌ಬಿಎನ್ ಹಾಕುವ ಅಂಕಣವನ್ನು ಮೊದಲೇ ‘ಟೆಕ್ಸ್ಟ್’ ಎಂದು ಬದಲಿಸಿ, ಇಲ್ಲದಿದ್ದರೆ 13 ಅಂಕಿಯ ಸಂಖ್ಯೆಯನ್ನು ಎಕ್ಸೆಲ್ ‘9.78E+12’ ಎಂಬಂತೆ ಕುಗ್ಗಿಸಿ ತೋರಿಸುತ್ತದೆ. ಎರಡನೆಯದು ಕನ್ನಡದ್ದೇ ಕಾಟ. ‘ಎಸ್.ಎಲ್. ಭೈರಪ್ಪ’ ಎಂದು ಒಮ್ಮೆ ಕೈಯಿಂದ ಟೈಪ್ ಮಾಡಿ, ಇನ್ನೊಮ್ಮೆ ಬೇರೆಡೆಯಿಂದ ನಕಲು ಮಾಡಿ ಅಂಟಿಸಿದರೆ ಕಣ್ಣಿಗೆ ಎರಡೂ ಒಂದೇ. ಆದರೆ ಅಂಟಿಸಿದ್ದರಲ್ಲಿ ‘ಸ್’ ನಂತರ ಕಾಣದ ಒಂದು ಅಕ್ಷರ ಕೂತಿರಬಹುದು, ಹುಡುಕಿದಾಗ ಅರ್ಧ ಪುಸ್ತಕಗಳು ಸಿಗುವುದಿಲ್ಲ. ಹೆಸರನ್ನು ಮಾತ್ರ ಹುಡುಕಿ, ‘ಭೈರಪ್ಪ’ ಎಂದು, ಇನಿಷಿಯಲ್ ಬಿಟ್ಟುಬಿಡಿ.